ಪೇಪರ್ ಎಲ್ಲರಿಗೂ ಸಿಗಬೇಕಾದರೆ ಎಲ್ಲಿ ಹಾಕಬೇಕು? ಮುಕ್ತ ಪ್ರಕಟಣೆಯ ಸೇವೆಗಳ ವಿಮರ್ಶೆ

ಸಂಶೋಧಕರು ತಮ್ಮ ಬರಹವನ್ನು ಮುಕ್ತವಾಗಿ ಪ್ರಕಟಿಸುವುದು ಯಾಕೆ ಎಂದು ವಿಚಾರಸಂಕಿರಣದಲ್ಲಿ ಕೇಳಿದರೆ ಬರುವ ಉತ್ತರ ಒಂದೇ: ಜ್ಞಾನ ಎಲ್ಲರ ಸ್ವತ್ತು. ಸಂಶೋಧನಾ ಬರಹ ಯಾರಿಗಾದರೂ ಬಿಟ್ಟಿಯಾಗಿ ಓದಲು ಸಿಗಬೇಕೆಂಬ ಬುಡಾಪೆಸ್ಟ್ ಘೋಷಣೆ 2002ರ ಫೆಬ್ರವರಿಯಲ್ಲಿ ಹೊರಬಂದ ಮೇಲೆ ಓಪನ್ ಆಕ್ಸೆಸ್ ಎಂಬ ಈ ಮುಕ್ತ ಪ್ರಕಟಣೆಯ ಬಗ್ಗೆ ಮಾತಾಡುವವರೆಲ್ಲ ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಪೇಪರ್ ಒಪ್ಪಿಗೆಯಾದ ದಿನ ತಲೆಯಲ್ಲಿ ಓಡುವ ಲೆಕ್ಕವೇ ಬೇರೆ. ದುಡ್ಡು ಯಾರು ಕೊಡುತ್ತಾರೆ? ಬಡ್ತಿಗೆ ಇದು ಲೆಕ್ಕಕ್ಕೆ ಬರುತ್ತದೆಯೇ? ಅನುದಾನ ಕೊಟ್ಟವರು ಕೇಳುತ್ತಾರೆಯೇ? ಅಪ್‌ಲೋಡ್ ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ? ಈ ಪ್ರಶ್ನೆಗಳಿಗೆ ಸಮಾಧಾನ ಕೊಡುವ ಸೇವೆಯನ್ನು ಜನ ಬಳಸುತ್ತಾರೆ, ಕೊಡದ್ದನ್ನು ಬಿಡುತ್ತಾರೆ. ಕರ್ನಾಟಕದಲ್ಲಿ ಕೂತ ಸಂಶೋಧಕರಿಗೆ ಕೈಗೆಟುಕುವ ಸೇವೆಗಳನ್ನು ಇಲ್ಲಿ ಅಳೆದಿರುವುದೂ ಇವೇ ಪ್ರಶ್ನೆಗಳಿಂದ.

ಇನ್ನೊಂದು ಆಸೆಯೂ ಇರುತ್ತದೆ, ಸೈಟೇಶನ್, ಅಂದರೆ ಬೇರೆಯವರು ತಮ್ಮ ಪೇಪರಿನಲ್ಲಿ ಇದನ್ನು ಉಲ್ಲೇಖಿಸುವುದು, ಹೆಚ್ಚುತ್ತದೆ ಅನ್ನುವುದು. ಇದನ್ನು ಪೂರ್ತಿ ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ. ಅಮೆರಿಕದ ಶರೀರಕ್ರಿಯಾಶಾಸ್ತ್ರ ಸೊಸೈಟಿಯ 11 ಪತ್ರಿಕೆಗಳಲ್ಲಿ 1,619 ಲೇಖನಗಳ ಪೈಕಿ 247ನ್ನು ಚೀಟಿ ಎತ್ತಿದಂತೆ ಆರಿಸಿ ಮುಕ್ತವಾಗಿಟ್ಟು ನೋಡಿದ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಪೂರ್ಣಪಾಠದ ಡೌನ್‌ಲೋಡ್ 89% ಹೆಚ್ಚಿತು, ಆದರೆ ಮೊದಲ ವರ್ಷದ ಸೈಟೇಶನ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹತ್ತು ವರ್ಷದ ನಂತರ, 2018ರಲ್ಲಿ, ಪೀರ್‌ಜೆ ಪತ್ರಿಕೆಯಲ್ಲಿ ಬಂದ ದೊಡ್ಡ ಸಮೀಕ್ಷೆ ಮುಕ್ತ ಪೇಪರ್‌ಗಳಿಗೆ ಸರಾಸರಿಗಿಂತ 18% ಹೆಚ್ಚು ಸೈಟೇಶನ್ ಇದೆ ಎಂದಿತು. ಅದರ ಒಳಗಿನ ಸಾಲನ್ನು ಬಹಳ ಜನ ಓದುವುದಿಲ್ಲ. ಆ ಲಾಭದ ಬಹುಪಾಲು ಬಂದದ್ದು ರಿಪಾಸಿಟರಿ ಎಂಬ ಆನ್‌ಲೈನ್ ಭಂಡಾರದಲ್ಲಿ ಲೇಖಕರೇ ಇಟ್ಟ ಪ್ರತಿಗಳಿಂದ ಮತ್ತು ಚಂದಾ ಪತ್ರಿಕೆಯಲ್ಲೇ ಮುಕ್ತವಾಗಿ ಬಂದ ಲೇಖನಗಳಿಂದ. ಪೂರ್ತಿ ಓಪನ್ ಆಕ್ಸೆಸ್ ಪತ್ರಿಕೆಗೆ ದುಡ್ಡು ಕಟ್ಟಿದ ಮಾತ್ರಕ್ಕೆ ಸೈಟೇಶನ್ ಓಡಿಬರುತ್ತದೆ ಅನ್ನಲು ಅದರಲ್ಲಿ ಆಧಾರವಿಲ್ಲ. ಹಾಗಾಗಿ ವಿಮರ್ಶೆಯನ್ನು ಬಿಟ್ಟಿ ದಾರಿಯಿಂದಲೇ ಶುರುಮಾಡೋಣ.

ಸಂಸ್ಥೆಯ ರಿಪಾಸಿಟರಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಪ್ರಿಂಟ್ಸ್ 2002ರ ಹೊತ್ತಿಗೆ ಶುರುವಾದದ್ದು. ದೇಶದಲ್ಲಿ ಇಂಥದ್ದರಲ್ಲಿ ಮೊದಲನೆಯದು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಉಚಿತ ತಂತ್ರಾಂಶದ ಮೇಲೆ ಓಡುತ್ತದೆ. ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆ, ಎನ್‌ಎಎಲ್, ಮೈಸೂರು ವಿಶ್ವವಿದ್ಯಾಲಯ ಇವಕ್ಕೂ ತಮ್ಮದೇ ರಿಪಾಸಿಟರಿಗಳಿವೆ. ಖರ್ಚು ಸೊನ್ನೆ. ಗೂಗಲ್ ಸ್ಕಾಲರ್ ಇವನ್ನು ಚೆನ್ನಾಗಿ ಹುಡುಕುತ್ತದೆ. ಗ್ರಂಥಾಲಯದ ಸಿಬ್ಬಂದಿ ಬೆನ್ನಿಗಿರುವುದರಿಂದ ಲೇಖಕರಿಗೆ ಕೆಲಸವೂ ಕಡಿಮೆ.

ಇಷ್ಟೆಲ್ಲ ಇದ್ದೂ ಅರ್ಧದಷ್ಟು ಉಪಯೋಗ ಕೈತಪ್ಪುವುದು ಒಂದೇ ಕಾರಣಕ್ಕೆ: ಯಾವ ಪ್ರತಿ ಹಾಕಬೇಕು ಅನ್ನುವ ಗೊಂದಲ. ಒಂದು ಪೇಪರ್‌ಗೆ ಮೂರು ಅವತಾರ. ಪತ್ರಿಕೆಗೆ ಮೊದಲು ಕಳಿಸಿದ ಪ್ರತಿ. ಪೇಪರ್ ಪರಿಶೀಲಿಸುವ ರೆಫರಿಗಳ ಮಾತಿನಂತೆ ತಿದ್ದಿ, ಸಂಪಾದಕರು ಒಪ್ಪಿದ ಪ್ರತಿ. ಪತ್ರಿಕೆಯ ಲೋಗೊ, ಪುಟಸಂಖ್ಯೆ ಹೊತ್ತು ಬಂದ ಪ್ರಕಾಶಕರ ಪಿಡಿಎಫ್. ಮೊದಲನೆಯದನ್ನು ಹಾಕಲು ಸಾಮಾನ್ಯವಾಗಿ ಯಾರ ತಕರಾರೂ ಇಲ್ಲ. ಚಂದಾ ಪತ್ರಿಕೆಯಾದರೆ ಮೂರನೆಯದನ್ನು ಹಾಕುವಂತಿಲ್ಲ. ಓದುಗರಿಗೆ ನಿಜಕ್ಕೂ ಬೇಕಾದದ್ದು ಎರಡನೆಯದು, ಏಕೆಂದರೆ ಅದರಲ್ಲಿ ವಿಷಯ ಪೂರ್ತಿ ತಿದ್ದಾಗಿರುತ್ತದೆ, ಅಂದ ಮಾತ್ರ ಕಡಿಮೆ. ಆದರೆ ಬಹಳಷ್ಟು ಲೇಖಕರು ಕಳಿಸುವುದು ಪ್ರಕಾಶಕರ ಪಿಡಿಎಫ್‌ಅನ್ನು, ನೋಡಲು ಚೆಂದ ಎಂದು. ಗ್ರಂಥಾಲಯದವರು ಅದನ್ನು ಬೀಗ ಹಾಕಿ ಇಡುತ್ತಾರೆ. ಹೊರಗಿನವರಿಗೆ ಕಾಣುವುದು ಶೀರ್ಷಿಕೆ, ಸಾರಾಂಶ ಮತ್ತು 'ಪ್ರತಿ ಕೋರಿ' ಎಂಬ ಗುಂಡಿ. ವಿಜ್ಞಾನ ಸಂಸ್ಥೆಯ ಇಪ್ರಿಂಟ್ಸ್ ತೆರೆದು ಯಾವುದೇ ವರ್ಷದ ಪಟ್ಟಿ ನೋಡಿ, ನೋಂದಾಯಿತರಿಗೆ ಮಾತ್ರ ಎಂಬ ಸಾಲು ಸಾಕಷ್ಟು ಕಡೆ ಸಿಗುತ್ತದೆ. ಆ ಗುಂಡಿ ಒತ್ತಿದರೆ ಲೇಖಕರ ಇಮೇಲ್‌ಗೆ ಕೋರಿಕೆ ಹೋಗುತ್ತದೆ. ಆ ವಿಳಾಸ ಪಿಎಚ್‌.ಡಿ. ಮುಗಿಸಿ ಹೊರಟುಹೋದ ವಿದ್ಯಾರ್ಥಿಯದಾದರೆ ಕೋರಿಕೆ ಸತ್ತ ಪೆಟ್ಟಿಗೆಗೆ ಬಿದ್ದಂತೆ. ಪ್ರತಿ ಹಾಕುವಾಗ ಸಂಪರ್ಕ ವಿಳಾಸವಾಗಿ ಗೈಡ್‌ರದ್ದು ಕೊಡುವುದು ಉತ್ತಮ.

ಯಾವ ಪ್ರತಿ, ಎಷ್ಟು ತಿಂಗಳ ಮೇಲೆ, ಯಾವ ಲೈಸೆನ್ಸ್‌ನಡಿ ಎಂಬುದನ್ನು ಪತ್ರಿಕೆಯ ಹೆಸರು ಹಾಕಿ ನೋಡಲು ಬ್ರಿಟನ್ನಿನ ಜಿಸ್ಕ್ ಸಂಸ್ಥೆಯ ಓಪನ್ ಪಾಲಿಸಿ ಫೈಂಡರ್ ಇದೆ. ಹಳಬರು ಶೆರ್ಪಾ ರೋಮಿಯೊ ಎಂದು ಕರೆಯುತ್ತಿದ್ದುದು ಇದನ್ನೇ. ಬಿಟ್ಟಿ ಸೇವೆ, ಉತ್ತರ ನಿಮಿಷದಲ್ಲಿ ಸಿಗುತ್ತದೆ. ಎಲ್ಸೆವಿಯರ್‌ನ ಹೆಚ್ಚಿನ ಚಂದಾ ಪತ್ರಿಕೆಗಳಲ್ಲಿ ಒಪ್ಪಿತ ಪ್ರತಿಯನ್ನು ಸಂಸ್ಥೆಯ ರಿಪಾಸಿಟರಿಯಲ್ಲಿ ತೆರೆಯಲು 12ರಿಂದ 24 ತಿಂಗಳು ಕಾಯಬೇಕು, ಸಿಸಿ ಬೈ-ಎನ್‌ಸಿ-ಎನ್‌ಡಿ ಲೈಸೆನ್ಸ್ (ಹೆಸರು ಹೇಳಿ ಹಂಚಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ, ಬದಲಿಸಿ ಹಂಚುವಂತಿಲ್ಲ) ಹಾಕಬೇಕು. ಸ್ಪ್ರಿಂಗರ್‌ನಲ್ಲಿ ಸಾಮಾನ್ಯವಾಗಿ 12 ತಿಂಗಳು. ಎಂಜಿನಿಯರಿಂಗ್ ಪತ್ರಿಕೆಗಳ ಐ ಟ್ರಿಪಲ್ ಇ ಕಾಯಿಸುವುದಿಲ್ಲ, ಆದರೆ ಮೊದಲ ಪುಟದಲ್ಲಿ ಅವರು ಹೇಳಿದ ಕಾಪಿರೈಟ್ ಸಾಲು ಮತ್ತು ಡಿಒಐ (ಲೇಖನದ ಶಾಶ್ವತ ಗುರುತುಸಂಖ್ಯೆ) ಇರಲೇಬೇಕು. ಪತ್ರಿಕೆಯಿಂದ ಪತ್ರಿಕೆಗೆ ನಿಯಮ ಬದಲಾಗುವುದರಿಂದ ಪ್ರಕಾಶಕರ ಹೆಸರು ನೋಡಿ ಊಹಿಸಬಾರದು.

ಒಪ್ಪಿತ ಪ್ರತಿ ಸಿಗದೆ ಹೋಗುವುದು ಇನ್ನೊಂದು ಮಾಮೂಲಿ ಸಮಸ್ಯೆ. ಒಪ್ಪಿಗೆಯ ಇಮೇಲ್ ಬಂದ ದಿನವೇ ಪತ್ರಿಕೆಯ ಸಲ್ಲಿಕೆ ಜಾಲದೊಳಗೆ ಹೋಗಿ ಕೊನೆಯ ತಿದ್ದುಪಡಿಯ ಪಿಡಿಎಫ್ ಇಳಿಸಿಕೊಳ್ಳಿ. ಆರು ತಿಂಗಳ ಮೇಲೆ ಹುಡುಕಿದರೆ ಕಂಪ್ಯೂಟರಿನಲ್ಲಿ ಸಿಗುವುದು 'ಫೈನಲ್', 'ಫೈನಲ್2', 'ಫೈನಲ್_ಸರ್_ನೋಡಿದ್ದು' ಎಂಬ ಮೂರು ಕಡತ, ಯಾವುದು ನಿಜವಾದ ಕೊನೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಇಳಿಸಿದ ಮೇಲೆ ಪುಟಗಳನ್ನು ಒಮ್ಮೆ ತಿರುವಿಹಾಕಿ. ರೆಫರಿಗಳಿಗೆ ತೋರಿಸಲು ಬಳಿದ ಹಳದಿ ಬಣ್ಣ, ಕೆಂಪು ಅಕ್ಷರ, ಅಂಚಿನ ಸಾಲುಸಂಖ್ಯೆ ಹಾಗೇ ಉಳಿದಿರುತ್ತವೆ. ಅವನ್ನು ತೆಗೆದು, ಮೇಲೆ ಒಂದು ಹಾಳೆ ಸೇರಿಸಿ: ಶೀರ್ಷಿಕೆ, ಪತ್ರಿಕೆಯ ಹೆಸರು, ಇದು ಒಪ್ಪಿತ ಪ್ರತಿ ಎಂಬ ಮಾತು, ಪ್ರಕಟಿತ ಲೇಖನದ ಡಿಒಐ ಕೊಂಡಿ. ಇಷ್ಟಾದರೆ ಗ್ರಂಥಾಲಯದವರು ನಿಮ್ಮನ್ನು ಮತ್ತೆ ಹುಡುಕಿಕೊಂಡು ಬರುವುದಿಲ್ಲ.

ಅನುದಾನದ ಒತ್ತಡ ಇಲ್ಲಿ ಎಷ್ಟು ಕೆಲಸ ಮಾಡುತ್ತದೆ? ಕೇಂದ್ರದ ಜೈವಿಕ ತಂತ್ರಜ್ಞಾನ ಮತ್ತು ವಿಜ್ಞಾನ-ತಂತ್ರಜ್ಞಾನ ಇಲಾಖೆಗಳಾದ ಡಿಬಿಟಿ ಮತ್ತು ಡಿಎಸ್‌ಟಿ 2014ರ ಡಿಸೆಂಬರ್‌ನಲ್ಲೇ ಜಂಟಿ ನೀತಿ ತಂದವು. ಪತ್ರಿಕೆ ಒಪ್ಪಿದ ಎರಡು ವಾರದೊಳಗೆ ಪ್ರತಿಯನ್ನು ರಿಪಾಸಿಟರಿಗೆ ಹಾಕಬೇಕು, ಎಂಬಾರ್ಗೊ, ಅಂದರೆ ಪತ್ರಿಕೆ ಹೇಳಿದ ಕಾಯುವ ಅವಧಿ, ಇದ್ದರೆ ಅದು ಮುಗಿದ ಮೇಲೆ ತೆರೆಯಬೇಕು. ಕಾಗದದ ಮೇಲೆ ಚೊಕ್ಕವಾದ ನಿಯಮ. ಆದರೆ ಮುಂದಿನ ಕಂತು ಬಿಡುಗಡೆಯಾಗುವ ಹೊತ್ತಿಗೆ ರಿಪಾಸಿಟರಿಯ ಕೊಂಡಿ ಎಲ್ಲಿ ಎಂದು ಗಟ್ಟಿಯಾಗಿ ಕೇಳುವವರಿಲ್ಲದಿದ್ದರೆ ಇಂಥ ನಿಯಮ ಫೈಲಿನಲ್ಲೇ ಉಳಿಯುತ್ತದೆ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಹಣ ಪಡೆದ ಪ್ರಯೋಗಾಲಯಗಳಿಗೆ ಈ ಸದರ ಇಲ್ಲ. 2025ರ ಜುಲೈ 1ರಿಂದ ಒಪ್ಪಿಗೆಯಾದ ಪ್ರತಿ ಪಬ್‌ಮೆಡ್ ಸೆಂಟ್ರಲ್ ಎಂಬ ಮುಕ್ತ ಭಂಡಾರಕ್ಕೆ ಹೋಗಬೇಕು, ಪ್ರಕಟವಾದ ದಿನವೇ ತೆರೆಯಬೇಕು, ಕಾಯುವ ಅವಧಿಯೇ ಇಲ್ಲ. ಗೇಟ್ಸ್ ಫೌಂಡೇಶನ್ 2025ರ ಜನವರಿಯಿಂದ ಪ್ರಕಟಣಾ ಶುಲ್ಕ ಕೊಡುವುದನ್ನೇ ನಿಲ್ಲಿಸಿ, ಪ್ರಿಪ್ರಿಂಟ್ (ಪತ್ರಿಕೆಯ ಪರಿಶೀಲನೆಗೆ ಮೊದಲಿನ ಪ್ರತಿ) ಹಾಕಿ ಎಂದಿದೆ. ಹಣ ಕೊಡುವವರು ಪರಿಶೀಲಿಸಿದರೆ ಸಂಶೋಧಕರ ಅಭ್ಯಾಸ ಒಂದೇ ವರ್ಷದಲ್ಲಿ ಬದಲಾಗುತ್ತದೆ. ಉಪನ್ಯಾಸಗಳಿಂದ ಅದು ಆಗದು.

ಆರ್ಕೈವ್

1991ರ ಆಗಸ್ಟ್‌ನಲ್ಲಿ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಲಾಸ್ ಅಲಾಮೋಸ್‌ನಲ್ಲಿ ಶುರುಮಾಡಿ, 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದ ಪ್ರಿಪ್ರಿಂಟ್ ಸೇವೆ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನದವರಿಗೆ ಇದರ ಬಗ್ಗೆ ಹೇಳಬೇಕಾಗಿಲ್ಲ. ಅಲ್ಲಿ ಜನ ಮುಕ್ತವಾಗಿ ಪ್ರಕಟಿಸಲು ಕಾರಣ ನೀತಿಯೂ ಅಲ್ಲ, ನಿಯಮವೂ ಅಲ್ಲ. ಪಕ್ಕದ ಕೋಣೆಯವರು ಹಾಕುತ್ತಾರೆ, ಹಾಕದಿದ್ದರೆ ನಾಳೆ ಬೇರೆಯವರು ಅದೇ ಫಲಿತಾಂಶ ಹಾಕಿ ಮೊದಲಿಗರಾಗುತ್ತಾರೆ. ಜೀವವಿಜ್ಞಾನದಲ್ಲಿ ಇದೇ ಬಗೆಯ ಬಯೋಆರ್ಕೈವ್ ಬರಲು 2013ರ ನವೆಂಬರ್‌ವರೆಗೆ ಕಾಯಬೇಕಾಯಿತು. ಕನ್ನಡ, ಇತಿಹಾಸ, ಸಮಾಜಶಾಸ್ತ್ರ ವಿಭಾಗಗಳಲ್ಲಿ ಇಂಥ ರೂಢಿ ಇನ್ನೂ ಬೇರುಬಿಟ್ಟಿಲ್ಲ.

ಬಳಸುವವರಿಗೆ ನಾಲ್ಕು ಮಾತು. ಒಂದು ವಿಭಾಗಕ್ಕೆ ಮೊದಲ ಸಲ ಸಲ್ಲಿಸುವವರಿಗೆ ಅಲ್ಲಿ ಈಗಾಗಲೇ ಪೇಪರ್ ಹಾಕಿರುವವರ ಎಂಡೋರ್ಸ್‌ಮೆಂಟ್, ಅಂದರೆ ಇವರು ಸಲ್ಲಿಸಬಹುದು ಎಂಬ ಶಿಫಾರಸು, ಬೇಕಾಗಬಹುದು. ಜಾಲ ಕೊಡುವ ಆರಕ್ಷರದ ಕೋಡನ್ನು ಅವರಿಗೆ ಕಳಿಸಬೇಕು. ಗುರುತಿಲ್ಲದ ದೊಡ್ಡ ಪ್ರೊಫೆಸರ್‌ಗೆ ಕಳಿಸಿ ಕಾಯುವುದಕ್ಕಿಂತ ಗೈಡ್‌ರನ್ನೇ ಕೇಳುವುದು ಲೇಸು. ಎರಡನೆಯದು, ಅಕ್ಷರಜೋಡಣೆಯ ತಂತ್ರಾಂಶ ಲೇಟೆಕ್‌ನಲ್ಲಿ ಬರೆದದ್ದಾದರೆ ಪಿಡಿಎಫ್ ಮಾತ್ರ ಕೊಟ್ಟರೆ ತಿರಸ್ಕರಿಸುತ್ತಾರೆ, ಮೂಲ ಕಡತಗಳೇ ಬೇಕು. ಚಿತ್ರದ ಕಡತದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾಗಿದ್ದರೆ ನಿಮ್ಮ ವಿಂಡೋಸ್‌ನಲ್ಲಿ ಓಡಿದ್ದು ಅಲ್ಲಿ ಓಡುವುದಿಲ್ಲ. ಗ್ರಂಥಋಣಕ್ಕೆ ಬಿಬಿಎಲ್ ಕಡತವನ್ನೂ ಸೇರಿಸಿದರೆ ಕ್ಷೇಮ. ಮೂರನೆಯದನ್ನು ಅನುಭವಸ್ಥರೂ ಮರೆಯುತ್ತಾರೆ: ಮೂಲ ಕಡತ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಶೇಕಡಾ ಚಿಹ್ನೆ ಹಾಕಿ ನೀವು ಬರೆದಿಟ್ಟ 'ಈ ರೆಫರಿಗೆ ಏನೂ ಗೊತ್ತಿಲ್ಲ' ಎಂಬ ಟಿಪ್ಪಣಿ ಪಿಡಿಎಫ್‌ನಲ್ಲಿ ಕಾಣದಿದ್ದರೂ ಜಗತ್ತಿಗೆ ಸಿಗುತ್ತದೆ. ಕಳಿಸುವ ಮೊದಲು ಅಂಥ ಸಾಲುಗಳನ್ನೆಲ್ಲ ಅಳಿಸಿ. ನಾಲ್ಕನೆಯದು, ಒಮ್ಮೆ ಪ್ರಕಟವಾದರೆ ಹಿಂತೆಗೆದರೂ ಹಳೆಯ ಆವೃತ್ತಿ ಅಲ್ಲೇ ಉಳಿಯುತ್ತದೆ. ಸಹಲೇಖಕರೆಲ್ಲರ ಒಪ್ಪಿಗೆ ಮೊದಲೇ ಪಡೆದಿರಬೇಕು.

ಸಮಯದ ಲೆಕ್ಕವೂ ಬೇಕು. ಹೊಸ ಪೇಪರ್‌ಗಳ ಪಟ್ಟಿಗೆ ಸೇರಲು ಗಡುವು ಅಮೆರಿಕದ ಪೂರ್ವ ಭಾಗದ ಮಧ್ಯಾಹ್ನ 2 ಗಂಟೆ. ನಮ್ಮಲ್ಲಿ ಅದು ಅವರ ಬೇಸಿಗೆಯಲ್ಲಿ ರಾತ್ರಿ 11:30, ಚಳಿಗಾಲದಲ್ಲಿ 12:30. ಪಟ್ಟಿ ಹೊರಬೀಳುವುದು ಸೋಮವಾರದಿಂದ ಶುಕ್ರವಾರದವರೆಗೆ, ನಮ್ಮ ನಸುಕಿನ 5:30ಕ್ಕೆ ಅಥವಾ 6:30ಕ್ಕೆ. ಕಂಪ್ಯೂಟರ್ ವಿಜ್ಞಾನದವರು ಗಮನಿಸಬೇಕಾದ ಹೊಸ ಬದಲಾವಣೆಯೊಂದಿದೆ. 2025ರ ಅಕ್ಟೋಬರ್ ಕೊನೆಯಿಂದ ಆ ವಿಭಾಗದಲ್ಲಿ ಸಮೀಕ್ಷಾ ಲೇಖನ ಮತ್ತು ನಿಲುವಿನ ಲೇಖನಗಳನ್ನು ಬೇರೆಡೆ ಪರಿಶೀಲನೆಯಾಗಿ ಒಪ್ಪಿಗೆಯಾದ ಪುರಾವೆ ಇಲ್ಲದೆ ತೆಗೆದುಕೊಳ್ಳುತ್ತಿಲ್ಲ. ಯಂತ್ರದಿಂದ ಬರೆಸಿದ ಸಮೀಕ್ಷೆಗಳ ಹೊಳೆ ಹರಿದುಬಂದದ್ದರ ಫಲ ಇದು.

ಝೆನೊಡೊ

ರಿಪಾಸಿಟರಿಯೇ ಇಲ್ಲದ ಕಾಲೇಜಿನವರಿಗೆ, ಆರ್ಕೈವ್‌ಗೆ ಸೇರದ ವಿಷಯದವರಿಗೆ, ದತ್ತಾಂಶ ಅಥವಾ ಕೋಡ್ ಇಡಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಸೇವೆ ಸದ್ಯಕ್ಕಿಲ್ಲ. 2013ರ ಮೇ ತಿಂಗಳಲ್ಲಿ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್ ಮತ್ತು ಅಲ್ಲಿನ ಮುಕ್ತ ವಿಜ್ಞಾನ ಜಾಲ ಓಪನ್‌ಏರ್ ಸೇರಿ ತಂದದ್ದು. ಒಂದು ದಾಖಲೆಗೆ 50 ಜಿಬಿ, 100 ಕಡತಗಳವರೆಗೆ ಜಾಗ. ಕಡತ ಹೆಚ್ಚಿದ್ದರೆ ಝಿಪ್ ಮಾಡಿ. ಡಿಒಐ ಬಿಟ್ಟಿಯಾಗಿ ಸಿಗುತ್ತದೆ. ಭಾಷೆಯ ಕಟ್ಟಳೆ ಇಲ್ಲ, ಕನ್ನಡ ಶೀರ್ಷಿಕೆ ಕನ್ನಡ ಲಿಪಿಯಲ್ಲೇ ನಿಲ್ಲುತ್ತದೆ.

ಹೆದರಿಕೆಯಿದ್ದರೆ ಮೊದಲು ಝೆನೊಡೊದ ಸ್ಯಾಂಡ್‌ಬಾಕ್ಸ್ ತಾಣದಲ್ಲಿ ಕೈ ಪಳಗಿಸಿಕೊಳ್ಳಿ. ಅಲ್ಲಿನ ಡಿಒಐ ಬರೀ ಅಭ್ಯಾಸಕ್ಕೆ, ಹಾಗಾಗಿ ಎಷ್ಟು ಕೆಡಿಸಿದರೂ ನಷ್ಟವಿಲ್ಲ. ನಿಜವಾದ ತಾಣದಲ್ಲಿ ಆರ್ಕಿಡ್ ಐಡಿ (ಸಂಶೋಧಕರ ಗುರುತುಸಂಖ್ಯೆ) ಬಳಸಿ ಲಾಗಿನ್ ಆದರೆ ದಾಖಲೆ ನಿಮ್ಮ ಆರ್ಕಿಡ್ ಪುಟಕ್ಕೆ ಜೋಡಿಸಲು ಸುಲಭ. ಕಡತ ಏರಿಸಿದ ಮೇಲೆ ಮೊದಲ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುವುದು: ಈಗಾಗಲೇ ಡಿಒಐ ಇದೆಯೇ? ಪತ್ರಿಕೆಯಲ್ಲಿ ಬಂದ ಪೇಪರಿನ ಒಪ್ಪಿತ ಪ್ರತಿಯಾದರೆ 'ಹೌದು' ಒತ್ತಿ ಪತ್ರಿಕೆಯ ಡಿಒಐ ಕೊಡಿ. 'ಇಲ್ಲ' ಒತ್ತಿದರೆ ಒಂದೇ ಪೇಪರಿಗೆ ಎರಡು ಡಿಒಐ ಹುಟ್ಟಿ ಸೈಟೇಶನ್ ಇಬ್ಭಾಗವಾಗುತ್ತದೆ. ಹೊಸ ಬರಹ ಅಥವಾ ದತ್ತಾಂಶವಾದರೆ 'ಇಲ್ಲ' ಎಂದು, ಪ್ರಕಟಿಸುವ ಮೊದಲೇ ಡಿಒಐ ಕಾದಿರಿಸಿಕೊಂಡು, ಅದನ್ನು ಪಿಡಿಎಫ್‌ನ ಮೊದಲ ಪುಟದಲ್ಲಿ ಬರೆದು, ಆ ಪಿಡಿಎಫ್ ಏರಿಸಿ.

ಎರಡನೆಯ ಹಳ್ಳ ಲೈಸೆನ್ಸ್. ಅಲ್ಲಿ ತಾನಾಗೇ ತುಂಬಿಕೊಂಡಿರುವುದು ಸಿಸಿ ಬೈ 4.0, ಹೆಸರು ಹೇಳಿ ಹೇಗೆ ಬೇಕಾದರೂ ಬಳಸಬಹುದು ಎನ್ನುವಂಥದ್ದು. ನಿಮ್ಮದೇ ದತ್ತಾಂಶಕ್ಕೆ ಅದು ಒಳ್ಳೆಯದು. ಎಲ್ಸೆವಿಯರ್ ಪತ್ರಿಕೆಯ ಒಪ್ಪಿತ ಪ್ರತಿಗೆ ಅದನ್ನೇ ಬಿಟ್ಟರೆ ಒಪ್ಪಂದ ಮುರಿದಂತೆ. ಎಂಬಾರ್ಗೊ ಇದ್ದರೆ ಕಡತಗಳನ್ನು ನಿರ್ಬಂಧಿಸಿ ತೆರೆಯುವ ದಿನಾಂಕ ಕೊಡಬಹುದು. ಆ ದಿನ ಅದು ತಾನಾಗೇ ತೆರೆದುಕೊಳ್ಳುತ್ತದೆ, ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ರಿಪಾಸಿಟರಿಗಳಲ್ಲಿ ಮನುಷ್ಯರ ಮರೆವಿನಿಂದ ಮುಚ್ಚಿಯೇ ಉಳಿಯುವ ಪ್ರತಿಗಳನ್ನು ನೋಡಿದವರಿಗೆ ಈ ಸೌಲಭ್ಯದ ಬೆಲೆ ಗೊತ್ತು.

ಪ್ರಕಟಿಸಿದ ಮೇಲೆ ಶೀರ್ಷಿಕೆ, ಹೆಸರು, ವಿವರಣೆ ತಿದ್ದಬಹುದು. ಕಡತ ಬದಲಿಸಬೇಕಾದರೆ ಸಾಮಾನ್ಯವಾಗಿ ಹೊಸ ಆವೃತ್ತಿ ಮಾಡಬೇಕು. ಪ್ರತಿ ಆವೃತ್ತಿಗೂ ಒಂದು ಡಿಒಐ, ಎಲ್ಲ ಆವೃತ್ತಿಗೂ ಸೇರಿ ಇನ್ನೊಂದು. ಬಯೊಡೇಟಾದಲ್ಲಿ ಕೊಡಬೇಕಾದದ್ದು ಎಲ್ಲಕ್ಕೂ ಸೇರಿದ್ದನ್ನು, ಪೇಪರಿನಲ್ಲಿ 'ಈ ದತ್ತಾಂಶ ಬಳಸಿದೆ' ಎನ್ನುವಾಗ ನಿರ್ದಿಷ್ಟ ಆವೃತ್ತಿಯದನ್ನು. ಗಿಟ್‌ಹಬ್ ಕೋಡಿಗೆ ಡಿಒಐ ಬೇಕಾದರೆ ಮೊದಲು ಝೆನೊಡೊದಲ್ಲಿ ಆ ರೆಪೊದ (ಕೋಡಿನ ಕಡತಕೋಶದ) ಸ್ವಿಚ್ ಹಾಕಿ, ಆಮೇಲೆ ಗಿಟ್‌ಹಬ್‌ನಲ್ಲಿ ರಿಲೀಸ್ ಮಾಡಬೇಕು. ಕ್ರಮ ತಿರುವುಮುರುವಾದರೆ ಡಿಒಐ ಬರುವುದಿಲ್ಲ, ಇನ್ನೊಂದು ರಿಲೀಸ್ ಮಾಡಬೇಕಾಗುತ್ತದೆ.

ಕೊರತೆ ಎರಡು. ಝೆನೊಡೊದಲ್ಲಿಟ್ಟದ್ದು ಗೂಗಲ್ ಸ್ಕಾಲರ್‌ನಲ್ಲಿ ಬಂದೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಇಲ್ಲಿ ತಜ್ಞರ ಪರಿಶೀಲನೆಯೂ ಇಲ್ಲ. ಡಿಒಐ ಇದ್ದ ಮಾತ್ರಕ್ಕೆ ಪ್ರಕಟಿತ ಪೇಪರ್ ಎಂದು ಬಡ್ತಿ ಅರ್ಜಿಯಲ್ಲಿ ತೋರಿಸುವವರಿದ್ದಾರೆ, ಆಯ್ಕೆ ಸಮಿತಿ ಅದನ್ನು ಒಪ್ಪಬೇಕಾಗಿಲ್ಲ.

ಬೆಂಗಳೂರಿನ ಅಕಾಡೆಮಿ ಪತ್ರಿಕೆಗಳು

ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳು ಲೇಖಕರಿಂದ ದುಡ್ಡು ಕೇಳದೆ, ಓದುಗರಿಂದಲೂ ಕೇಳದೆ ನಡೆದುಬಂದ ಅಪರೂಪದ ಮಾದರಿ. ಪ್ರಮಾಣ, ಸಾಧನಾ, ಜರ್ನಲ್ ಆಫ್ ಜೆನೆಟಿಕ್ಸ್, ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್, ವಿದ್ಯಾರ್ಥಿಗಳ ರೆಸೊನೆನ್ಸ್ ಎಲ್ಲವೂ ಈ ಮನೆಯವೇ. ಅಂತಾರಾಷ್ಟ್ರೀಯ ವಿತರಣೆ ಸ್ಪ್ರಿಂಗರ್ ಮೂಲಕ. ಅದೇ ಲೇಖನ ಅಕಾಡೆಮಿಯ ತಾಣದಲ್ಲಿ ಬಿಟ್ಟಿ ಸಿಗುತ್ತದೆ. ಇದು ಗೊತ್ತಿಲ್ಲದ ವಿದ್ಯಾರ್ಥಿ ಸ್ಪ್ರಿಂಗರ್ ಪುಟದ ಬೆಲೆ ನೋಡಿ ಹಿಂದೆ ಸರಿಯುತ್ತಾನೆ. ಸಲ್ಲಿಸುವವರು ಒಂದನ್ನು ನೆನಪಿಡಬೇಕು: ಒಪ್ಪಿಗೆಯಾದ ಮೇಲೆ ಸ್ಪ್ರಿಂಗರ್ ಕಡೆಯಿಂದ ಬರುವ ಅರ್ಜಿಯಲ್ಲಿ ಶುಲ್ಕ ಕಟ್ಟಿ ಓಪನ್ ಆಕ್ಸೆಸ್ ಮಾಡಿಸುವ ಆಯ್ಕೆ ಕಂಡರೆ ಅದು ಕಡ್ಡಾಯವಲ್ಲ.

ಹಾಗಾದರೆ ಎಲ್ಲರೂ ಇಲ್ಲೇ ಯಾಕೆ ಕಳಿಸುವುದಿಲ್ಲ? ಉತ್ತರ ಸಿಹಿಯಲ್ಲ. ಆಯ್ಕೆ ಸಮಿತಿಗಳು ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪತ್ರಿಕೆಯ ಲೇಖನಗಳಿಗೆ ಬರುವ ಸರಾಸರಿ ಸೈಟೇಶನ್, ಕೇಳುತ್ತವೆ, ಹೊರದೇಶದ ಪತ್ರಿಕೆಗಳ ಅಂಕಿ ದೊಡ್ಡದು. ಬಿಟ್ಟಿ, ಮುಕ್ತ, ಪರಿಶೀಲನೆಯೂ ಗಟ್ಟಿ, ಎಲ್ಲ ಇದ್ದರೂ ಆ ಒಂದು ಅಂಕಿಯ ಮುಂದೆ ಸೋಲುತ್ತದೆ. ಮುಕ್ತ ಪ್ರಕಟಣೆಯನ್ನು ತಡೆಯುವುದರಲ್ಲಿ ಪ್ರಕಾಶಕರಷ್ಟೇ ಪಾಲು ನಮ್ಮ ಬಡ್ತಿ ನಿಯಮಗಳದ್ದು.

ದುಡ್ಡು ಕೊಟ್ಟು ಮುಕ್ತ ಮಾಡಿಸುವುದು

ಎಪಿಸಿ ಎಂಬ ಪ್ರಕಟಣಾ ಶುಲ್ಕದ ಮೇಲ್ತುದಿ ಎಲ್ಲಿದೆ ಎಂದು ತಿಳಿಯಲು ನೇಚರ್ ಪತ್ರಿಕೆ 2020ರ ನವೆಂಬರ್‌ನಲ್ಲಿ ಘೋಷಿಸಿದ ದರ ಸಾಕು: 9,500 ಯೂರೊ. ಯೂರೊಗೆ 100 ರೂಪಾಯಿ ಹಿಡಿದರೆ 9.5 ಲಕ್ಷ. ತಿಂಗಳಿಗೆ 37,000 ರೂಪಾಯಿ ಪಡೆಯುವ ಜೆಆರ್‌ಎಫ್ ವಿದ್ಯಾರ್ಥಿಯ 25 ತಿಂಗಳಿಗೂ ಹೆಚ್ಚಿನ ಫೆಲೋಶಿಪ್. ಸಾಧಾರಣ ಪತ್ರಿಕೆಗಳ ದರ ಇದಕ್ಕಿಂತ ಬಹಳ ಕಡಿಮೆ ನಿಜ, ಆದರೂ ಲಕ್ಷದ ಆಸುಪಾಸು ಮುಟ್ಟುವುದು ಮಾಮೂಲು.

'ಬಡ ದೇಶಗಳಿಗೆ ವಿನಾಯಿತಿ' ಎಂಬ ಸಾಲು ಓದಿ ಸಲ್ಲಿಸುವವರು ಇಲ್ಲೇ ಸಿಕ್ಕಿಬೀಳುವುದು. ದೊಡ್ಡ ಪ್ರಕಾಶಕರ ತಾನಾಗಿ ಸಿಗುವ ವಿನಾಯಿತಿ ಪಟ್ಟಿಯಲ್ಲಿ ಸಾಮಾನ್ಯವಾಗಿ ಭಾರತ ಇರುವುದಿಲ್ಲ. ತಲಾ ಆದಾಯ ಕಡಿಮೆಯಿದ್ದರೂ ದೇಶದ ಒಟ್ಟು ಉತ್ಪನ್ನ ದೊಡ್ಡದು. ಸ್ಪ್ರಿಂಗರ್ ನೇಚರ್‌ನ ಮಿತಿ 200 ಬಿಲಿಯನ್ ಡಾಲರ್. ಲೇಖಕರು ಪ್ರತ್ಯೇಕವಾಗಿ ಕೇಳಬಹುದು, ಆದರೆ ಸಲ್ಲಿಸುವಾಗಲೇ ಕೇಳಬೇಕು. ಒಪ್ಪಿಗೆಯಾದ ಮೇಲೆ ಕೇಳಿದರೆ ಬಹುತೇಕರು ಒಪ್ಪುವುದಿಲ್ಲ. ಇನ್‌ವಾಯ್ಸ್‌ನ ಮೊತ್ತವೇ ಕೊನೆಯದಲ್ಲ. ಅದರ ಮೇಲೆ 18% ಜಿಎಸ್‌ಟಿ ಬರಬಹುದು, ವಿದೇಶಕ್ಕೆ ಹಣ ಕಳಿಸಲು ಬ್ಯಾಂಕು ತೆರಿಗೆ ಅರ್ಜಿ, ಲೆಕ್ಕಪರಿಶೋಧಕರ ಪ್ರಮಾಣಪತ್ರ ಕೇಳುತ್ತದೆ, ವಿನಿಮಯ ದರದ ಏರಿಳಿತ ಬೇರೆ. ಲೆಕ್ಕಪತ್ರ ವಿಭಾಗದಲ್ಲಿ ಕಡತ ತಿಂಗಳುಗಟ್ಟಲೆ ಕೂತರೆ ಪ್ರಕಾಶಕರಿಂದ ಬಾಕಿ ಜ್ಞಾಪನೆ ಬರುತ್ತದೆ. ಇನ್‌ವಾಯ್ಸ್ ಸಂಸ್ಥೆಯ ಹೆಸರಿಗೆ, ಜಿಎಸ್‌ಟಿ ಸಂಖ್ಯೆ ಸಮೇತ ಬರುವಂತೆ ಮೊದಲೇ ಹೇಳುವುದು ಒಳ್ಳೆಯದು. ನಿಮ್ಮ ಹೆಸರಿಗೆ ಬಂದದ್ದನ್ನು ಬದಲಿಸಲು ಅಷ್ಟೇ ಹೊತ್ತು ಹಿಡಿಯುತ್ತದೆ.

ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಬಂದ ಮೇಲೆ ಇದೆಲ್ಲ ಮುಗಿಯಿತೆಂದು ತಿಳಿದವರಿದ್ದಾರೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ಯೋಜನೆಯಿದು: 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಆದರೆ ಇದು ಮುಖ್ಯವಾಗಿ ಓದುವ ಸೌಲಭ್ಯ. ಆಯ್ದ ಮುಕ್ತ ಪತ್ರಿಕೆಗಳಲ್ಲಿ ಪ್ರಕಟಿಸಲು ವರ್ಷಕ್ಕೆ 150 ಕೋಟಿಯ ನೆರವು ಇದೆಯಾದರೂ ದೇಶದಲ್ಲಿ ಬರೆಯುವವರ ಸಂಖ್ಯೆಗೆ ಅದು ಎಲ್ಲಿ ಸಾಲುತ್ತದೆ? ಖಾಸಗಿ ಕಾಲೇಜುಗಳು ಮೊದಲ ಹಂತದ ಹೊರಗಿವೆ. ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಅಂದರೆ ಅದು ಸಣ್ಣ ಗುಂಪಲ್ಲ. ಇದರ ಒಂದು ಅಡ್ಡಪರಿಣಾಮವೂ ಇದೆ: ತಮಗೆ ಎಲ್ಲ ಪೇಪರ್ ಸಿಗುತ್ತಿರುವಾಗ, ಸಿಗದವರಿಗಾಗಿ ತನ್ನ ಪೇಪರ್ ತೆರೆದಿಡಬೇಕೆಂಬ ತುರ್ತು ಸರ್ಕಾರಿ ಸಂಸ್ಥೆಯವರಿಗೆ ಕಡಿಮೆಯಾಗುತ್ತದೆ. ಅನುದಾನ ಪಡೆದ ಸಂಶೋಧನೆ ಕೂಡಲೇ ಮುಕ್ತವಾಗಬೇಕೆನ್ನುವ ಯುರೋಪಿನ ಪ್ಲಾನ್ ಎಸ್ ಸೇರುತ್ತೇವೆಂದು 2019ರ ಆರಂಭದಲ್ಲಿ ಹೇಳಿ ಅದೇ ವರ್ಷದ ಕೊನೆಗೆ ಭಾರತ ಹಿಂದೆ ಸರಿದು ಈ ದಾರಿ ಹಿಡಿಯಿತು.

ಇನ್ನು ದುಡ್ಡು ಪಡೆದು ಪರಿಶೀಲಿಸದೆ ಹಾಕುವ ನಕಲಿ ಪತ್ರಿಕೆಗಳು. ಓಪನ್ ಆಕ್ಸೆಸ್ ಅಂದಕೂಡಲೇ ಹಿರಿಯ ಅಧ್ಯಾಪಕರು ಮೂಗು ಮುರಿಯಲು ಇವೇ ಕಾರಣ, ಅವರ ಅನುಮಾನ ಸುಳ್ಳೂ ಅಲ್ಲ. ಯುಜಿಸಿ 2018ರ ಮೇ ತಿಂಗಳಲ್ಲಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆ ಓಮಿಕ್ಸ್ ವಿರುದ್ಧ 2019ರಲ್ಲಿ ಅಮೆರಿಕದ ನ್ಯಾಯಾಲಯ 50.1 ಮಿಲಿಯನ್ ಡಾಲರ್‌ಗಳ ತೀರ್ಪು ಕೊಟ್ಟಿತು. 2019ರಲ್ಲಿ ಬಂದ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ ಪತ್ರಿಕೆಯ ಗುಣ ನೋಡುವ ಹೊಣೆ ಸಂಸ್ಥೆಗಳ ಮೇಲೂ ಲೇಖಕರ ಮೇಲೂ ಬಿದ್ದಿದೆ. ಮುಕ್ತ ಪತ್ರಿಕೆಗಳ ಡಿಒಎಜೆ ಪಟ್ಟಿ ಒಳ್ಳೆಯ ಆರಂಭ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಶುರುವಾದದ್ದು, ಎಲ್ಲರೂ ಮತ್ತೆ ಅರ್ಜಿ ಹಾಕಿ ಎಂದು, ಹಾಕದ ಮೂರು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು 2016ರಲ್ಲಿ ಹೊರಹಾಕಿದ ಪಟ್ಟಿಯಿದು. ಪತ್ರಿಕೆಯ ಐಎಸ್‌ಎಸ್‌ಎನ್ ಎಂಬ ಗುರುತುಸಂಖ್ಯೆ ಹಾಕಿ ಹುಡುಕಿ, ಹೆಸರು ಹಾಕಿ ಅಲ್ಲ. ನಕಲಿಗಳು ಒಳ್ಳೆಯ ಪತ್ರಿಕೆಯ ಹೆಸರನ್ನೇ ಕದ್ದು ತದ್ರೂಪಿ ತಾಣ ಮಾಡುತ್ತಾರೆ. ಪಟ್ಟಿಯಲ್ಲಿರುವ ಕೊಂಡಿಯಿಂದಲೇ ತಾಣಕ್ಕೆ ಹೋಗಿ, ವಾಟ್ಸಾಪ್‌ನಲ್ಲಿ ಬಂದ ಕೊಂಡಿಯಿಂದ ಬೇಡ. 'ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಉಚಿತ' ಎಂದು ಬಂದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಶೋಧಗಂಗಾ ಮತ್ತು ಕನ್ನಡದ ಕಡತಗಳು

ಪಿಎಚ್‌.ಡಿ. ಪ್ರಬಂಧಗಳಿಗೆ ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಇದೆ. ಯುಜಿಸಿಯ 2009ರ ನಿಯಮ ಇಲೆಕ್ಟ್ರಾನಿಕ್ ಪ್ರತಿ ಕಡ್ಡಾಯ ಮಾಡಿದ್ದರಿಂದ ಪದವಿ ಬೇಕೆನ್ನುವವರು ಕೊಟ್ಟೇ ಕೊಡುತ್ತಾರೆ. ದೇಶದಲ್ಲಿ ನಿಜಕ್ಕೂ ಕೆಲಸ ಮಾಡಿದ ಮುಕ್ತ ನಿಯಮ ಇದೊಂದೇ ಎಂದರೂ ತಪ್ಪಾಗದು. ಓದುಗರಿಗೆ ಕಿರಿಕಿರಿ ಏನೆಂದರೆ ಪ್ರಬಂಧ ಇಡಿಯಾಗಿ ಸಿಗುವುದಿಲ್ಲ. ಶೀರ್ಷಿಕೆಗೆ 01, ಕೊನೆಯ ಶಿಫಾರಸಿಗೆ 80 ಎಂದು ಸಂಖ್ಯೆ ಹೊತ್ತ ಬಿಡಿ ಪಿಡಿಎಫ್‌ಗಳನ್ನು ಒಂದೊಂದಾಗಿ ಇಳಿಸಿಕೊಳ್ಳಬೇಕು.

ಕನ್ನಡದ ಪ್ರಬಂಧಗಳಿಗೆ ಇದಕ್ಕಿಂತ ದೊಡ್ಡ ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಡಿಟಿಪಿ ಮಾಡಿದ ಪುಟ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಸ್ಕ್ಯಾನ್ ಮಾಡಿದ್ದಾದರೆ ಬರೀ ಚಿತ್ರ. ಎರಡೂ ಸಂದರ್ಭದಲ್ಲಿ ಪ್ರಬಂಧ ಮುಕ್ತವಾಗಿದ್ದೂ 'ವಚನ' ಎಂದು ಹುಡುಕಿದವರಿಗೆ ಸಿಗುವುದಿಲ್ಲ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ವಾಟ್ಸಾಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಸರಿ. ಬರದಿದ್ದರೆ ಮೂಲ ವರ್ಡ್ ಕಡತವನ್ನು ಆಸ್ಕಿಯಿಂದ, ಯಂತ್ರವೂ ಕನ್ನಡವೆಂದು ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿ, ಹೊಸದಾಗಿ ಪಿಡಿಎಫ್ ಮಾಡಿ. ಅಡಿಟಿಪ್ಪಣಿ ಮತ್ತು ಕೋಷ್ಟಕದೊಳಗಿನ ಪಠ್ಯ ಹಲವು ಪರಿವರ್ತಕಗಳಲ್ಲಿ ಹಾಗೇ ಉಳಿದುಬಿಡುತ್ತದೆ, ಅದನ್ನು ಬೇರೆಯಾಗಿ ನೋಡಬೇಕು. ಶೀರ್ಷಿಕೆ ದೊಡ್ಡ ಗಾತ್ರದ ಅಕ್ಷರದಲ್ಲಿ, ಅದರ ಕೆಳಗೆ ಲೇಖಕರ ಹೆಸರು, ಕಡತ 5 ಎಂಬಿಯೊಳಗೆ ಇರಲಿ. ಗೂಗಲ್ ಸ್ಕಾಲರ್ ಕೇಳುವುದು ಇಷ್ಟನ್ನೇ. ಝೆನೊಡೊಗೆ ಏರಿಸುವಾಗ ಭಾಷೆಯ ಜಾಗದಲ್ಲಿ ಕನ್ನಡ ಎಂದು ಆರಿಸಿ, ವಿವರಣೆಯಲ್ಲಿ ಕನ್ನಡದ ಸಾರಾಂಶದ ಕೆಳಗೆ ಇಂಗ್ಲಿಷಿನದನ್ನೂ ಹಾಕಿ.